ನಾಲ್ಕನೆಯ ಜಾರ್ಜನ ಹೆಸರು ಕೆಟ್ಟದ್ದು ಹೆಂಡತಿಯಿಂದಲೇ?

ಕಬ್ಬನ್ ಪಾರ್ಕಿನಲ್ಲಿ 1906ರಿಂದ ನಿಂತಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆಯ ಬಳಿಗೆ ಇತಿಹಾಸಾಸಕ್ತರನ್ನು ಕರೆದೊಯ್ದಾಗಲೆಲ್ಲ ಆಕೆಯ ದೊಡ್ಡಪ್ಪ ನಾಲ್ಕನೆಯ ಜಾರ್ಜನ ಮಾತು ಬರುತ್ತದೆ; ಆಗ ಯಾರಾದರೊಬ್ಬರು, "ಅವನ ಮಾನ ಕಳೆದವಳು ಹೆಂಡತಿ ಕ್ಯಾರೋಲಿನ್ ಅಲ್ಲವೇ ಸಾರ್?" ಎಂದು ಕೇಳುತ್ತಾರೆ. ಅಲ್ಲ ಎಂಬುದೇ ನನ್ನ ಉತ್ತರ.

ಕ್ಯಾರೋಲಿನ್ ಇಂಗ್ಲೆಂಡಿಗೆ ಕಾಲಿಡುವ ಹತ್ತು ವರ್ಷ ಮೊದಲೇ, 1785ರಲ್ಲಿ, ಯುವರಾಜ ಜಾರ್ಜ್ ಮರಿಯಾ ಫಿಟ್ಸ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ವಿಧವೆಯನ್ನು ಗುಟ್ಟಾಗಿ ಮದುವೆಯಾಗಿದ್ದ. ಅರಸನ ಒಪ್ಪಿಗೆಯಿಲ್ಲದ ಆ ಮದುವೆ 1772ರ ಕಾಯ್ದೆಯಂತೆ ಅಸಿಂಧುವಾಗಿತ್ತು. ಅಂಥದ್ದೇನೂ ನಡೆದೇ ಇಲ್ಲವೆಂದು ಅವನ ಆಪ್ತ ಫಾಕ್ಸ್ ಸಂಸತ್ತಿನಲ್ಲೇ ಹೇಳಿದ. 1795ರಲ್ಲಿ ಸುಮಾರು 6.3 ಲಕ್ಷ ಪೌಂಡ್ ಸಾಲ ತಲೆಯ ಮೇಲೆ ಕುಳಿತಿದ್ದಾಗ, ಅದನ್ನು ತೀರಿಸಿಕೊಳ್ಳಲೆಂದೇ ಅವನು ಕ್ಯಾರೋಲಿನ್‌ಳ ಕೈಹಿಡಿದ. ವಧುವನ್ನು ಮೊದಲ ಸಲ ಕಂಡೊಡನೆ ಮೈ ಸರಿಯಿಲ್ಲವೆಂದು ಪಕ್ಕದಲ್ಲಿದ್ದವನಿಂದ ಒಂದು ಲೋಟ ಬ್ರಾಂದಿ ಕೇಳಿದ. ಅವನ ಪ್ರೇಯಸಿ ಲೇಡಿ ಜೆರ್ಸಿಯನ್ನೇ ಆ ಹೊಸ ಸೊಸೆಯ ಸಖಿಯಾಗಿ ನೇಮಿಸಲಾಗಿತ್ತು. ಮಗಳು ಷಾರ್ಲೆಟ್ ಹುಟ್ಟಿದ ಮೂರೇ ದಿನಕ್ಕೆ ಬರೆದ ಉಯಿಲಿನಲ್ಲಿ ಹೆಂಡತಿಗೆಂದು ಅವನು ಬಿಟ್ಟದ್ದು ಒಂದು ಶಿಲ್ಲಿಂಗ್. ಬಾಣಂತಿಗೆ ಆದ ಈ ಅವಮಾನವನ್ನು ಎಷ್ಟು ಸಲ ಓದಿದರೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದಂಪತಿಗಳು ಬೇರೆಯಾದ ಮೇಲೆ ಪಿತೂರಿ ಶುರುವಾಯಿತು. ಕ್ಯಾರೋಲಿನ್ ಸಾಕಿಕೊಂಡಿದ್ದ ಹುಡುಗ ಅವಳ ಹೊಟ್ಟೆಯಲ್ಲೇ ಹುಟ್ಟಿದವನೆಂದು ನೆರೆಯ ಲೇಡಿ ಡಗ್ಲಸ್ ದೂರಿದಳು. 1806ರ ಗುಪ್ತ ವಿಚಾರಣೆಯಲ್ಲಿ ಹುಡುಗನ ಹೆತ್ತತಾಯಿಯೇ ಬಂದು ಸಾಕ್ಷಿ ನುಡಿದದ್ದರಿಂದ ಆ ದೂರು ಬಿದ್ದುಹೋಯಿತು. 1820ರಲ್ಲಿ ಜಾರ್ಜ್ ಪಟ್ಟಕ್ಕೆ ಬಂದಾಗ, ಇಟಲಿಯಲ್ಲಿ ಪೆರ್ಗಾಮಿ ಎಂಬ ಸೇವಕನೊಡನೆ ಅವಳಿಗಿದ್ದ ಸಂಬಂಧದ ಬಗ್ಗೆ ಕಲೆಹಾಕಿದ ಕಾಗದಪತ್ರಗಳು ಹಸಿರು ಚೀಲಗಳಲ್ಲಿ ಸಂಸತ್ತಿಗೆ ಬಂದವು. ಅವಳ ರಾಣಿಪಟ್ಟ ಕಸಿದು ಮದುವೆಯನ್ನು ರದ್ದುಮಾಡುವ ಮಸೂದೆಯೊಂದು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಮುಂದೆ ವಿಚಾರಣೆಗೆ ಬಂತು. ಅವಳ ನಡತೆಯಲ್ಲಿ ಎಡವಟ್ಟುಗಳಿರಲಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಮುಖ್ಯ ಸಾಕ್ಷಿ ಮಜೋಕಿ ಪಾಟೀಸವಾಲಿನಲ್ಲಿ ಮತ್ತೆ ಮತ್ತೆ "ನೆನಪಿಲ್ಲ" ಎಂದದ್ದು ಊರಿನ ಬಾಯಲ್ಲೆಲ್ಲ ಆಡುಮಾತಾಯಿತು. ರಾಣಿಯ ವಕೀಲ ಬ್ರೂಮ್, ಬೇಕಾದರೆ ಅರಸನ ಹಳೆಯ ಗುಟ್ಟನ್ನೇ ಹೊರಗೆಳೆಯುವೆನೆಂದು ಸೂಚಿಸಿದ. ಲಾರ್ಡ್ಸ್ ಸಭೆಯ ಮೂರನೆಯ ವಾಚನದಲ್ಲಿ 108ಕ್ಕೆ 99 ಮತಗಳಷ್ಟೇ ಅಂತರ ಉಳಿದಾಗ ಸರ್ಕಾರ ಮಸೂದೆಯನ್ನು ಕೈಬಿಟ್ಟಿತು. ಲಂಡನ್ನಿನ ಬೀದಿಗಳಲ್ಲಿ ಜನ ಹರ್ಷಿಸಿದ್ದು ರಾಣಿಗಾಗಿ.

ಷಾರ್ಲೆಟ್ 1817ರಲ್ಲೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಪಟ್ಟ ವಿಕ್ಟೋರಿಯಾಳವರೆಗೆ ಸಾಗಿಬಂದದ್ದು ಅದರಿಂದಲೇ. 1821ರ ಜುಲೈ 19ರಂದು, ಗಂಡನ ಪಟ್ಟಾಭಿಷೇಕದ ದಿನ, ಕ್ಯಾರೋಲಿನ್‌ಳನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು. ಆಗಸ್ಟ್ 7ರಂದು ಅವಳು ಕಣ್ಣುಮುಚ್ಚಿದಳು. ಶವಪೆಟ್ಟಿಗೆಯ ಮೇಲೆ "ಅನ್ಯಾಯಕ್ಕೊಳಗಾದ ಇಂಗ್ಲೆಂಡಿನ ರಾಣಿ" ಎಂದು ಬರೆಸಬೇಕೆಂದು ಹೇಳಿಹೋಗಿದ್ದಳು.