ಆಯಿದಾ ಶಿಬಿರದಲ್ಲಿ ಐದು ವಾರ: ಸ್ವಯಂಸೇವೆಗೆ ಹೊರಡುವವರು ಮೊದಲೇ ತಿಳಿದಿರಬೇಕಾದದ್ದು

ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ಪಶ್ಚಿಮ ದಂಡೆಯ ಬೆತ್ಲೆಹೆಮ್ ಪಟ್ಟಣದಲ್ಲಿ ಪ್ಯಾಲೆಸ್ಟೀನಿಯರು ಬದುಕುವ ಆಯಿದಾ ನಿರಾಶ್ರಿತರ ಶಿಬಿರದಲ್ಲಿ, ಅಲ್ಲಿನ ಸಮುದಾಯ ಕೇಂದ್ರವೊಂದರ ಮಕ್ಕಳಿಗೆ ಐದು ವಾರ ಗಣಿತ ಹೇಳಿಕೊಡಲು ನಾನು ಯುರೋಪಿನ ಒಂದು ಮಧ್ಯವರ್ತಿ ಸಂಸ್ಥೆಗೆ 640 ಯೂರೊ ಕಟ್ಟಿದ್ದೆ. ಅದು 2019ರ ದರದಲ್ಲಿ ಸುಮಾರು ಐವತ್ತು ಸಾವಿರ ರೂಪಾಯಿ. ವಸತಿ, ಊಟ, ಕೇಂದ್ರಕ್ಕೆ ಸಲ್ಲುವ ದೇಣಿಗೆ ಎಲ್ಲವೂ ಅದರಲ್ಲೇ ಸೇರಿದೆ ಎಂದು ರಸೀತಿಯಲ್ಲಿ ಬರೆದಿತ್ತು. ಅಲ್ಲಿಗೆ ಹೋದ ಮೂರನೆಯ ದಿನ ಚಹಾ ಕುಡಿಯುತ್ತಾ ಕುಳಿತಿದ್ದಾಗ ಕೇಂದ್ರದ ಸಂಚಾಲಕಿ, ನನ್ನ ಹೆಸರಿನಲ್ಲಿ ತಮಗೆ ಬಂದದ್ದು 100 ಯೂರೊ ಮಾತ್ರ ಎಂದು ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸಿದರು. ನಾನು ನೇರವಾಗಿ ಕೇಂದ್ರಕ್ಕೇ ಪತ್ರ ಬರೆದಿದ್ದರೆ ಅದರ ಮಹಡಿಯ ಕೋಣೆಯೊಂದರಲ್ಲಿ ದಿನಕ್ಕೆ ಇಷ್ಟು ಶೆಕೆಲ್ (ಅಲ್ಲಿ ನಡೆಯುವ ಇಸ್ರೇಲಿ ಹಣ) ಎಂದು ಕೊಟ್ಟು ಉಳಿಯಬಹುದಾಗಿತ್ತು. ಖರ್ಚು ಅರ್ಧಕ್ಕಿಂತ ಕಡಿಮೆಯಾಗುತ್ತಿತ್ತು, ಆ ಹಣ ಪೂರ್ತಿ ಶಿಬಿರದೊಳಗೇ ಉಳಿಯುತ್ತಿತ್ತು. ಈ ಬರಹಕ್ಕೆ ಮುಖ್ಯ ಕಾರಣ ಅದೇ. ಮಧ್ಯವರ್ತಿಯ ಮೂಲಕ ಹೋಗಬೇಡಿ. ಆಯಿದಾದಲ್ಲಿ 1998ರಲ್ಲಿ ಆರಂಭವಾದ ಅಲ್‌ರೊವ್ವಾದ್ ಮತ್ತು 2000ದಲ್ಲಿ ಆರಂಭವಾದ ಲಾಜೀ ಎಂಬ ಕೇಂದ್ರಗಳಿವೆ. ಅಂಥ ಕೇಂದ್ರಗಳಿಗೆ ನೀವೇ ಬರೆದು, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯಿರಿ.

ನಾನು ಪಿರಿಯಾಪಟ್ಟಣ ತಾಲೂಕಿನವನು. ನಮ್ಮ ಕಡೆ ಬೈಲಕುಪ್ಪೆಯ ಟಿಬೆಟಿಯನ್ ವಸತಿಗಳನ್ನು ಒಂದನೆಯ ಕ್ಯಾಂಪು, ನಾಲ್ಕನೆಯ ಕ್ಯಾಂಪು ಎಂದೇ ಕರೆಯುತ್ತೇವೆ. ಆದ್ದರಿಂದ ನಿರಾಶ್ರಿತರ ಶಿಬಿರವೆಂದರೆ ಮುಸುಕಿನ ಜೋಳದ ಹೊಲ, ಪ್ರಾರ್ಥನಾ ಧ್ವಜ, ಅಗಲವಾದ ರಸ್ತೆ, ಹಿತ್ತಲಿರುವ ಮನೆ ಎಂಬ ಚಿತ್ರವೇ ನನ್ನ ಮನಸ್ಸಿನಲ್ಲಿತ್ತು. ಅರವತ್ತರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಅಲ್ಲಿನ ಮೊದಲ ವಸತಿಗೆ ಕೊಟ್ಟದ್ದು ಸುಮಾರು 3,000 ಎಕರೆ. 1950ರಲ್ಲಿ ಹುಟ್ಟಿದ ಆಯಿದಾ ಇರುವುದು 0.071 ಚದರ ಕಿಲೋಮೀಟರ್‌ನಲ್ಲಿ, ಅಂದರೆ ಹದಿನೆಂಟು ಎಕರೆಗೂ ಕಡಿಮೆ ಜಾಗದಲ್ಲಿ. ಅಷ್ಟರಲ್ಲಿ ಐದಾರು ಸಾವಿರ ಜನ ಬದುಕುತ್ತಾರೆ. ಡೇರೆಗಳಿದ್ದ ಜಾಗದಲ್ಲಿ ಒಂದು ಕೋಣೆಯ ಗೂಡುಗಳು ಬಂದು, ಆ ಗೂಡುಗಳ ಮೇಲೆ ಮಗನಿಗೊಂದು ಮೊಮ್ಮಗನಿಗೊಂದು ಎಂದು ಅಂತಸ್ತುಗಳು ಏರಿ, ಈಗ ಎರಡು ಮನೆಗಳ ನಡುವೆ ಕೆಲವೆಡೆ ಕೈಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಶಿಬಿರದ ಹೆಬ್ಬಾಗಿಲು ಬೀಗದ ಕಿಂಡಿಯ ಆಕಾರದಲ್ಲಿದ್ದು, ಅದರ ಮೇಲೆ ದೊಡ್ಡದೊಂದು ಕಬ್ಬಿಣದ ಕೀಲಿಕೈಯನ್ನು ಮಲಗಿಸಿದ್ದಾರೆ. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಮನೆಗೆ ಬೀಗ ಹಾಕಿ, ಕೆಲವೇ ದಿನಗಳಲ್ಲಿ ಮರಳುತ್ತೇವೆಂದು ಕೀಲಿಕೈ ಹಿಡಿದು ಹೊರಟವರ ನೆನಪು ಅದು. ಶಿಬಿರದ ಅಂಚಿಗೆ ಇಸ್ರೇಲ್ ಕಟ್ಟಿದ ಸುಮಾರು ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ, ಅದರಲ್ಲಿ ಕಾವಲು ಗೋಪುರಗಳು. ಗೋಡೆಯಾಚೆಗಿನ ಆಲಿವ್ ತೋಪಿನಲ್ಲಿ ತಾವು ಆಡುತ್ತಿದ್ದುದನ್ನು ನಲವತ್ತು ದಾಟಿದವರು ನೆನಪಿಸಿಕೊಳ್ಳುತ್ತಾರೆ. ಮಕ್ಕಳು ಆ ತೋಪನ್ನು ಕಂಡಿಲ್ಲ.

ನಾನು ಬೆಂಗಳೂರಿನಲ್ಲಿರುವ ಇಸ್ರೇಲ್ ದೂತಾವಾಸ ಕಚೇರಿಯ ಮೂಲಕ ವೀಸಾ ಪಡೆದು, ಅಮ್ಮಾನ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಜೋರ್ಡಾನ್ ನದಿಯ ಸೇತುವೆ ದಾಟಿದೆ. ಜೋರ್ಡಾನ್‌ನವರು ಅದನ್ನು ಕಿಂಗ್ ಹುಸೇನ್ ಸೇತುವೆ ಎನ್ನುತ್ತಾರೆ, ಇಸ್ರೇಲ್‌ನವರು ಅಲೆನ್‌ಬಿ ಎನ್ನುತ್ತಾರೆ, ಪ್ಯಾಲೆಸ್ಟೀನಿಯರಿಗೆ ಅದು ಬರೀ ‘ಜಿಸ್ರ್’, ಸೇತುವೆ. ಎರಡು ಕಡೆಯ ನಿಲ್ದಾಣಗಳ ನಡುವಿನ ದೂರ ಕೆಲವೇ ಕಿಲೋಮೀಟರ್. ಆದರೆ ನಡೆದು ಹೋಗಲು ಬಿಡುವುದಿಲ್ಲ, ಅವರದೇ ಬಸ್ಸು ಹತ್ತಬೇಕು, ಚೀಲವೊಂದಕ್ಕೆ ಪ್ರತ್ಯೇಕ ಹಣ ಕೊಡಬೇಕು. ನಮ್ಮ ಬಸ್ಸು ದಾರಿಯ ಮಧ್ಯದಲ್ಲಿ ಸರದಿಗಾಗಿ ನಿಂತದ್ದು ಎರಡೂವರೆ ಗಂಟೆ. ಆ ಕಣಿವೆ ಸಮುದ್ರಮಟ್ಟಕ್ಕಿಂತ ಮುನ್ನೂರು ಮೀಟರಿಗೂ ಕೆಳಗಿದ್ದು, ಏಪ್ರಿಲ್‌ನಲ್ಲೇ ಗಾಳಿ ಬಿಸಿಯಾಗಿತ್ತು. ಚಾಲಕ ಎಂಜಿನ್ ಆರಿಸಿದೊಡನೆ ತಂಪು ಯಂತ್ರವೂ ನಿಂತಿತು, ಕಿಟಕಿಗಳನ್ನು ತೆರೆಯಲು ಬರುತ್ತಿರಲಿಲ್ಲ, ಕೆಳಗಿಳಿಯಲು ಅನುಮತಿ ಇರಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಅಮ್ಮಾನ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಬ್ರಾನ್‌ಗೆ ಮರಳುತ್ತಿದ್ದರು. ಅವರ ಮಗಳು ಅಷ್ಟೂ ಹೊತ್ತು ಒಂದು ರಟ್ಟಿನ ತುಂಡಿನಿಂದ ಅವರಿಗೆ ಗಾಳಿ ಹಾಕುತ್ತಿದ್ದಳು. ನಾನು ತಂದಿದ್ದದ್ದು ಅರ್ಧ ಲೀಟರ್ ನೀರು. ನೀವು ಎರಡು ಲೀಟರ್ ಇಟ್ಟುಕೊಳ್ಳಿ, ಒಂದನ್ನು ಹಂಚಿಕೊಳ್ಳಬೇಕಾಗುತ್ತದೆ. ನಾನು ಹೋದಾಗ ಶುಕ್ರವಾರ ಮತ್ತು ಶನಿವಾರ ಸೇತುವೆ ಬೇಗ ಮುಚ್ಚುತ್ತಿತ್ತು; ಆ ಎರಡು ದಿನಗಳಲ್ಲಿ ಹೋಗಲೇಬೇಡಿ.

ಇನ್ನೊಂದು ಬಲೆಯಲ್ಲಿ ನಾನು ಸಿಕ್ಕಿಬಿದ್ದೆ. ಜೋರ್ಡಾನ್‌ನ ವೀಸಾ ಅಮ್ಮಾನ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿತು, ಆದರೆ ಅದರ ಅವಧಿ ಒಂದು ತಿಂಗಳು; ಸೇತುವೆಯ ಬಳಿ ಹೊಸ ವೀಸಾ ಕೊಡುವುದಿಲ್ಲ. ಐದು ವಾರ ಇರಲು ಹೋದ ನನಗೆ ಮರಳುವ ದಾರಿಯೇ ಮುಚ್ಚಿ, ಕೊನೆಗೆ ಟೆಲ್ ಅವೀವ್‌ನಿಂದ ಹೊಸ ಟಿಕೆಟ್ಟು ಕೊಂಡು ಬರಬೇಕಾಯಿತು. ಅಷ್ಟು ಹಣ ತೆಗೆದುಕೊಂಡ ಮಧ್ಯವರ್ತಿ ಸಂಸ್ಥೆ ಈ ಒಂದು ಮಾತನ್ನು ಹೇಳಲಿಲ್ಲ. ಗಡಿಯ ವಿಚಾರಣೆಯಲ್ಲಿ ಎಲ್ಲಿಗೆ, ಏಕೆ, ಯಾರ ಬಳಿಗೆ ಎಂದು ಒಂದೇ ಪ್ರಶ್ನೆಯನ್ನು ಮೂರು ಜನ ಮೂರು ಬಾರಿ ಕೇಳುತ್ತಾರೆ. ವೀಸಾ ಅರ್ಜಿಯಲ್ಲಿ ನಿಜ ಬರೆದು, ಅಲ್ಲಿ ಬರೆದದ್ದನ್ನೇ ಇಲ್ಲಿ ಹೇಳಿ, ಕೇಂದ್ರದ ಆಹ್ವಾನಪತ್ರವನ್ನು ಕೈಗೆ ಸಿಗುವಂತೆ ಇಟ್ಟುಕೊಂಡರೆ ಆಗ ಸಾಕಾಗುತ್ತಿತ್ತು.

ಜೆರುಸಲೇಮಿನ ಡಮಾಸ್ಕಸ್ ಬಾಗಿಲ ಬಳಿಯ ನಿಲ್ದಾಣದಿಂದ 231ನೇ ಸಂಖ್ಯೆಯ ಬಸ್ಸು ಬೆತ್ಲೆಹೆಮ್‌ನ ಬಾಬ್ ಝ್ಕಾಕ್ ಎಂಬ ಕೂಡುರಸ್ತೆಗೆ ತಂದು ಬಿಡುತ್ತದೆ. ಇಳಿದೊಡನೆ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ಎರಡು ಕಿಲೋಮೀಟರ್‌ಗೂ ಕಡಿಮೆ ದಾರಿಗೆ ನನ್ನಿಂದ ಒಬ್ಬ ಚಾಲಕ 60 ಶೆಕೆಲ್, ಅಂದರೆ ಸಾವಿರ ರೂಪಾಯಿಗೂ ಮೀರಿ, ತೆಗೆದುಕೊಂಡ. ಮರುವಾರ ಅದೇ ದಾರಿಗೆ ನಾನು ಕೊಟ್ಟದ್ದು 15. ಚೀಲ ಹಗುರವಾಗಿದ್ದರೆ ನಡೆದೇ ಹೋಗಿ. ಮಧ್ಯವರ್ತಿ ಕಾದಿರಿಸಿದ್ದ ಕೋಣೆ ಶಿಬಿರದಿಂದ ದೂರ, ಪಟ್ಟಣದ ಮಧ್ಯದಲ್ಲಿತ್ತು. ಒಂದು ವಾರಕ್ಕಷ್ಟೇ ಹಣ ಕಟ್ಟಿದ್ದರೆಂಬುದು ಎಂಟನೆಯ ದಿನ ತಿಳಿಯಿತು. ಅದು ಈಸ್ಟರ್ ಹಬ್ಬದ ಕಾಲ. ಜಗತ್ತಿನೆಲ್ಲೆಡೆಯ ಯಾತ್ರಿಕರು ಬೆತ್ಲೆಹೆಮ್‌ನಲ್ಲಿ ತುಂಬಿದ್ದರು, ಕೋಣೆಯ ಬಾಡಿಗೆ ದುಪ್ಪಟ್ಟಾಗಿತ್ತು. ಅದೇ ಸಂಜೆ ಸಂಚಾಲಕಿ ನನ್ನನ್ನು ಕೇಂದ್ರದ ಮಹಡಿಗೆ ಕರೆತಂದರು. ನಾಲ್ವರಿಗೆ ಒಂದು ಕೋಣೆ, ಒಂದು ಬಚ್ಚಲು. ನನಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಒಂಟಿಯಾಗಿ ಮಲಗಲೇಬೇಕು ಎನ್ನುವವರಿಗೆ ಶಿಬಿರದ ವಾಸ ಕಷ್ಟ.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಶಿಬಿರದಿಂದ ಹೆಬ್ರಾನ್ ರಸ್ತೆಗೆ ಹೋಗುವಾಗ ಫಲಕವೇ ಇಲ್ಲದ, ನಾಲ್ಕು ಮೇಜಿನ ಒಂದು ಅಂಗಡಿಯಿದೆ. ಹೊರಗಿಟ್ಟ ಎಣ್ಣೆಯ ಬಾಣಲೆಯೇ ಅದರ ಗುರುತು. ನೆನೆಸಿದ ಕಾಬೂಲಿ ಕಡಲೆಯನ್ನು ಬೇಯಿಸದೆ ಹಸಿಯಾಗಿಯೇ ರುಬ್ಬಿ, ಕೊತ್ತಂಬರಿ, ಈರುಳ್ಳಿ, ಜೀರಿಗೆ ಬೆರೆಸಿ, ಹಿತ್ತಾಳೆಯ ಸಣ್ಣ ಅಚ್ಚಿನಿಂದ ಒಂದೊಂದೇ ಉಂಡೆಯನ್ನು ಎಣ್ಣೆಗೆ ಬಿಡುತ್ತಾರೆ. ಹೊರಗೆ ಗರಿಗರಿ, ಒಳಗೆ ಹಸಿರು. ಮಸಾಲೆ ವಡೆ ತಿಂದು ಬೆಳೆದ ನಾಲಿಗೆಗೆ ಈ ಫಲಾಫಲ್ ಮೊದಲ ತುತ್ತಿನಲ್ಲೇ ನೆಂಟನಾಗುತ್ತದೆ. ಅದಕ್ಕಿಂತಲೂ ನಾನು ಮೆಚ್ಚಿದ್ದು ಬೆಳಗಿನ ‘ಫೂಲ್’. ನಮ್ಮ ಅವರೆಗಿಂತ ದಪ್ಪನಾದ ಒಂದು ಬಗೆಯ ಕಾಳನ್ನು ಕಿರಿದಾದ ಕತ್ತಿನ ಪಾತ್ರೆಯಲ್ಲಿ ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೇಯಿಸಿ, ಬೆಳಿಗ್ಗೆ ಬಟ್ಟಲಿನಲ್ಲಿ ಒರಟಾಗಿ ಮಸೆದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ, ಮೇಲೆ ಆಲಿವ್ ಎಣ್ಣೆಯನ್ನು ನಾವು ಬಿಸಿ ಅನ್ನಕ್ಕೆ ತುಪ್ಪ ಹಾಕುವಂತೆ ಧಾರಾಳವಾಗಿ ಸುರಿಯುತ್ತಾರೆ. ಜೊತೆಗೆ ಬಿಸಿ ರೊಟ್ಟಿ, ಹಸಿ ಈರುಳ್ಳಿ, ಉಪ್ಪಿನಲ್ಲಿಟ್ಟ ಮೂಲಂಗಿ, ಪುದೀನ ಹಾಕಿದ ಕರಿ ಚಹಾ. ಎಲ್ಲಕ್ಕೂ ಸೇರಿ ಆಗ 10 ಶೆಕೆಲ್. ರೊಟ್ಟಿ ಮುಗಿದರೆ ಕೇಳದೆಯೇ ಇನ್ನೊಂದು ಬರುತ್ತದೆ. ಅಂಗಡಿಯ ಹಿರಿಯರು ನಾನು ಮಕ್ಕಳಿಗೆ ಕಲಿಸಲು ಬಂದವನೆಂದು ತಿಳಿದ ಮೇಲೆ ನನ್ನನ್ನು ‘ಉಸ್ತಾಝ್’, ಅಂದರೆ ಮೇಷ್ಟ್ರು, ಎಂದು ಕರೆದು, ಚಹಾದ ಹಣ ತೆಗೆದುಕೊಳ್ಳುವುದನ್ನೇ ಬಿಟ್ಟರು. ಆ ವರ್ಷ ರಂಜಾನ್ ಮೇ 6ಕ್ಕೆ ಆರಂಭವಾಯಿತು. ಅಂದಿನಿಂದ ಅಂಗಡಿ ಹಗಲು ಮುಚ್ಚಿ ಸಂಜೆಯೇ ತೆರೆಯುತ್ತಿತ್ತು. ಆ ತಿಂಗಳಲ್ಲಿ ಹೋಗುವವರು ಹಗಲಿನ ಊಟವನ್ನು ಕೋಣೆಯೊಳಗೆ ಮುಗಿಸಿ, ಬೀದಿಯಲ್ಲಿ ನೀರನ್ನೂ ಕುಡಿಯದಿರುವುದು ಮರ್ಯಾದೆ.

ಇನ್ನು ಕೆಲಸದ ಮಾತು. ನಮ್ಮ ಶಾಲೆಗಳಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ನಾನೂ ಅದೇ ಲೆಕ್ಕದಲ್ಲಿ ಹೊರಟೆ. ಅಲ್ಲಿ ಆಗ ಶಾಲೆ ನಡೆಯುತ್ತಿರುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಉನ್ರ್ವಾ ನಡೆಸುವ ಶಾಲೆಗಳಿಂದ ಮಕ್ಕಳು ಕೇಂದ್ರಕ್ಕೆ ಬರುವುದು ಮಧ್ಯಾಹ್ನದ ನಂತರ, ದಣಿದು. ಕೇಂದ್ರಗಳಿಗೆ ಹೊರಗಿನ ಕೈಗಳು ನಿಜವಾಗಿ ಬೇಕಾಗುವುದು ಜೂನ್, ಜುಲೈ ತಿಂಗಳ ಬೇಸಿಗೆ ಶಿಬಿರಗಳಲ್ಲಿ. ನಮ್ಮ ಮೇಷ್ಟ್ರುಗಳಿಗೆ ಆಗ ರಜೆ ಸಿಗುವುದಿಲ್ಲ. ಕಾಲೇಜು ವಿದ್ಯಾರ್ಥಿಗಳು, ನಿವೃತ್ತರು ಹೋಗುವುದು ಒಳ್ಳೆಯದು.

ಮೊದಲ ವಾರ ನಾನು ಒಂದು ತಪ್ಪು ಮಾಡಿದೆ. ಸಮರೂಪ ತ್ರಿಭುಜಗಳನ್ನು ಕಲಿಸುವಾಗ, ಒಂದು ಕೋಲು ನೆಟ್ಟು ಅದರ ನೆರಳನ್ನೂ ಗೋಡೆಯ ನೆರಳನ್ನೂ ಅಳೆದು ಗೋಡೆಯ ಎತ್ತರ ಕಂಡುಹಿಡಿಯೋಣ ಎಂದೆ. ಮಕ್ಕಳು ಕುಣಿದು ಎದ್ದರು. ಬಾಗಿಲಲ್ಲಿ ಸಂಚಾಲಕಿ ಅಡ್ಡ ನಿಂತರು. 2015ರ ಅಕ್ಟೋಬರ್ 5ರಂದು ಇದೇ ಶಿಬಿರದಲ್ಲಿ 13 ವರ್ಷದ ಹುಡುಗನೊಬ್ಬ ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾಗಿದ್ದ. ಮಕ್ಕಳ ಗುಂಪೊಂದು ಕೋಲು ಹಿಡಿದು ಕಾವಲು ಗೋಪುರದ ಕೆಳಗೆ ಓಡಾಡಿದರೆ ಮೇಲಿರುವವರಿಗೆ ಅದು ಗಣಿತವಾಗಿ ಕಾಣುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ನಾವು ಕೇಂದ್ರದ ಅಂಗಳದಲ್ಲೇ ಎದುರು ಮನೆಯ ಎತ್ತರವನ್ನು ಅಳೆದೆವು. ತರಗತಿಯ ಹೊರಗೆ ಏನೇ ಮಾಡುವುದಿದ್ದರೂ ಮೊದಲು ಕೇಳಿ. ನಿಮಗೆ ತೋಚುವ ಒಳ್ಳೆಯ ಉಪಾಯಕ್ಕೆ ಅಲ್ಲಿ ಬೇರೆಯೇ ಬೆಲೆ ತೆರಬೇಕಾಗಬಹುದು.

ನಕ್ಷೆಯ ಪಾಠ ಚೆನ್ನಾಗಿ ನಡೆಯಿತು. ಪ್ರಮಾಣ ಕಲಿಸಲು, ನಿಮ್ಮ ಊರಿನಿಂದ ಇಲ್ಲಿಗೆ ಎಷ್ಟು ದೂರವೆಂದು ಅಳೆಯಿರಿ ಎಂದಾಗ ಯಾರೂ ಶಿಬಿರವನ್ನು ತಮ್ಮ ಊರು ಎನ್ನಲಿಲ್ಲ. ಅಲ್‌ವಲಜಾ, ಅಜ್ಜೂರ್, ಬೈತ್ ನತ್ತೀಫ್, ಮಾಲ್ಹಾ ಎಂದು ಮುತ್ತಜ್ಜಂದಿರು 1948ರಲ್ಲಿ ಬಿಟ್ಟುಬಂದ ಹಳ್ಳಿಗಳ ಹೆಸರು ಹೇಳಿದರು. ಮಾಲ್ಹಾ ಇದ್ದ ಕಡೆ ಈಗ ಜೆರುಸಲೇಮಿನ ಫುಟ್‌ಬಾಲ್ ಕ್ರೀಡಾಂಗಣ ಮತ್ತು ದೊಡ್ಡ ಮಾಲ್ ಇವೆ. ಮಾಲ್ಹಾ ತನ್ನ ಊರು ಎಂದ ಹುಡುಗಿಗೆ ಅಳತೆಪಟ್ಟಿಯ ಲೆಕ್ಕದಲ್ಲಿ ಹತ್ತು ಕಿಲೋಮೀಟರ್ ಕೂಡ ಬರಲಿಲ್ಲ. ಅವಳು ಮತ್ತೊಮ್ಮೆ ಅಳೆದು ನೋಡಿದಳು. ಮೇ 15ರಂದು, 1948ರಲ್ಲಿ ಊರು ಕಳೆದುಕೊಂಡದ್ದನ್ನು ಅವರು ನಕ್ಬಾ, ಅಂದರೆ ಮಹಾವಿಪತ್ತು, ಎಂದು ನೆನೆಯುವ ದಿನ, ತರಗತಿ ಇರಲಿಲ್ಲ.

ನನ್ನ ಕೋಣೆಯಲ್ಲಿದ್ದ ಬೇರೆ ದೇಶದ ಇಬ್ಬರು ಹತ್ತು ದಿನಕ್ಕೆಂದು ಬಂದು, ಮಕ್ಕಳ ಜೊತೆ ಚಿತ್ರ ತೆಗೆಸಿಕೊಂಡು, ಹೆಸರುಗಳು ನೆನಪಾಗುವಷ್ಟರಲ್ಲಿ ಹೊರಟುಹೋದರು. ಅವರ ಗುಂಪಿನ ಮಕ್ಕಳು ಮರುದಿನ ನನ್ನ ತರಗತಿಯ ಹಿಂದೆ ಬಂದು ಸುಮ್ಮನೆ ಕುಳಿತರು. ಒಂದು ತಿಂಗಳು ಕೊಡಲಾಗದವರು ಹೋಗುವುದು ಬೇಡ, ಆ ಹಣವನ್ನು ಕೇಂದ್ರಕ್ಕೆ ಕಳುಹಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಐದು ವಾರವೂ ಕಡಿಮೆಯೇ ಆಯಿತು.

ನೀರಿನ ಬಗ್ಗೆ ಒಂದು ಮಾತು: ಶಿಬಿರದ ಪ್ರತಿ ಮನೆಯ ಮೇಲೂ ಕಪ್ಪು ಟ್ಯಾಂಕುಗಳಿರುವುದು ಅಂದಕ್ಕಲ್ಲ. ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುವುದು ವಾರಗಳಿಗೊಮ್ಮೆ, ಬಂದಾಗ ತುಂಬಿಟ್ಟದ್ದರಲ್ಲೇ ಎಲ್ಲವೂ ನಡೆಯಬೇಕು. ದಿನಕ್ಕೆರಡು ಸ್ನಾನದ ಅಭ್ಯಾಸ ಇರುವವರು ಅದನ್ನು ಊರಿನಲ್ಲೇ ಬಿಟ್ಟು ಬನ್ನಿ. ಅಶ್ರುವಾಯು ಪ್ರಯೋಗವಾದಾಗ ಕಿಟಕಿಗಳನ್ನು ಮುಚ್ಚಿ ಒಳಗಿನ ಕೋಣೆಗೆ ಹೋಗುವುದನ್ನು ಮಕ್ಕಳೇ ನಿಮಗೆ ಕಲಿಸುತ್ತಾರೆ. ಉಬ್ಬಸ ಇರುವವರು ಅಲ್ಲಿ ಉಳಿಯಬಾರದು.

ವಾರದ ರಜೆಗೆ ಜೆರುಸಲೇಮಿಗೆ ಹೋಗುವ 231ನೇ ಬಸ್ಸನ್ನು ತಪಾಸಣಾ ಠಾಣೆಯಲ್ಲಿ ನಿಲ್ಲಿಸಿ, ಪ್ಯಾಲೆಸ್ಟೀನಿಯರನ್ನು ಕೆಳಗಿಳಿಸಿ ಸಾಲಿನಲ್ಲಿ ನಿಲ್ಲಿಸುತ್ತಿದ್ದರು, ವಿದೇಶಿಯರು ಕುಳಿತಲ್ಲೇ ಪಾಸ್‌ಪೋರ್ಟ್ ತೋರಿಸಿದರೆ ಸಾಕಾಗುತ್ತಿತ್ತು. ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬರು ತರಕಾರಿಯ ಚೀಲವನ್ನು ಸೀಟಿನ ಮೇಲಿಟ್ಟು, ನೋಡಿಕೊಳ್ಳಿ ಎಂದು ಕಣ್ಣಲ್ಲೇ ಹೇಳಿ ಇಳಿದರು. ಅವರು ಮರಳಿ ಹತ್ತುವವರೆಗೆ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಆ ಬಳಿಕ ನಾನು ಜೆರುಸಲೇಮಿಗೆ ಹೋದದ್ದು ಒಂದೇ ಸಲ, ಊರಿಗೆ ಹೊರಡುವಾಗ.

ನಾನು ಹೋದ ದಾರಿಯಲ್ಲೇ ಈಗ ಹೋಗಬಹುದೆಂದು ತಿಳಿಯಬೇಡಿ. 2022ರ ಅಕ್ಟೋಬರ್ 20ರಿಂದ ಪಶ್ಚಿಮ ದಂಡೆಗೆ ಹೋಗುವ ವಿದೇಶಿ ಸ್ವಯಂಸೇವಕರಿಗೆ ಇಸ್ರೇಲ್ ಸೇನಾಡಳಿತ ಹೊಸ ನಿಯಮಗಳನ್ನು ತಂದಿದೆ. 2023ರ ಅಕ್ಟೋಬರ್ ನಂತರ ರಸ್ತೆಗಳಿಗೆ ಗೇಟುಗಳನ್ನು ಹಾಕಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಸಂಸತ್ತು ಉನ್ರ್ವಾದ ವಿರುದ್ಧವೇ ಕಾನೂನು ಮಾಡಿದೆ. ಭಾರತದ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ, ಕೇಂದ್ರದವರು ಬನ್ನಿ ಎಂದರೆ ಮಾತ್ರ ಟಿಕೆಟ್ಟು ಕೊಳ್ಳಿ. ಅವರಿಗೆ ಬರೆಯುವಾಗ ನಿಮಗೆ ಏನು ಕಲಿಸಲು ಬರುತ್ತದೆ, ಎಷ್ಟು ದಿನ ಇರಬಲ್ಲಿರಿ, ಅರಬ್ಬಿ ಎಷ್ಟು ಗೊತ್ತು ಎಂಬ ಮೂರು ವಿಷಯ ಸಾಕು. ಹೋಗಲಾಗದಿದ್ದರೆ ಮನೆಯಿಂದಲೇ ಕಲಿಸಬಹುದೇ ಎಂದು ಕೇಳಿ. ನಾನು ಈಗ ಶನಿವಾರ ಸಂಜೆ ಮೊಬೈಲಿನ ಮೂಲಕ ಆರು ಮಕ್ಕಳಿಗೆ ಬೀಜಗಣಿತ ಹೇಳಿಕೊಡುತ್ತೇನೆ. ಅಲ್ಲಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದಿರುತ್ತದೆ. ಇದನ್ನು ಮರೆತು ಮೊದಲ ವರ್ಷ ನಾನು ಒಂದು ತರಗತಿಗೆ ಒಂದು ಗಂಟೆ ತಡವಾಗಿ ಹೋದಾಗ, ಆರೂ ಮಕ್ಕಳು ಪುಸ್ತಕ ತೆರೆದುಕೊಂಡು ಕಾಯುತ್ತಿದ್ದರು.