ಗೊನೆ ಯಾರಿಗೆ?

ಭಾವನ ಮನೆಯಲ್ಲಿ ಫುಟ್‌ಬಾಲ್ ನೋಡಬೇಕಾದರೆ ಮೊದಲು ಚೀಟಿ ಬರೆಯಬೇಕು. ಇದು ನನ್ನ ಸೋದರಳಿಯ ಮಾಡಿದ ಕಾನೂನು. ಟೀವಿಯ ಮುಂದೆ ಕೂರುವವರೆಲ್ಲ ಪಂದ್ಯದ ಸ್ಕೋರ್ ಇಷ್ಟಾಗುತ್ತದೆ ಎಂದು ಬರೆದು, ಕೆಳಗೆ ಹೆಸರು ಹಾಕಿ, ಮಡಚಿ, ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಬೇಕು. ಪಂದ್ಯ ಮುಗಿಯುವವರೆಗೆ ಬಾಟಲಿ ಟೀವಿಯ ಮೇಲಿನ ಗೂಡಿನಲ್ಲಿರುತ್ತದೆ, ಯಾರೂ ಮುಟ್ಟುವಂತಿಲ್ಲ. ದುಡ್ಡು ಕಟ್ಟುವ ಮಾತು ಬಂದರೆ ಅಕ್ಕ ಟೀವಿಯನ್ನೇ ಆರಿಸುತ್ತಾಳೆ. ಹಾಗಾಗಿ ಬಹುಮಾನ ತೋಟದಲ್ಲಿ ಬೆಳೆದದ್ದೇ ಆಗಿರಬೇಕು.

2023ರ ಮಾರ್ಚ್ 3, ಶುಕ್ರವಾರದ ಬಹುಮಾನ ಒಂದು ನೇಂದ್ರ ಬಾಳೆಗೊನೆ. ಕೊಟ್ಟವರು ಪಕ್ಕದ ರಬ್ಬರ್ ತೋಟದ ಚೇಟ; ಮಲಯಾಳದಲ್ಲಿ ಹಾಗೆಂದರೆ ಅಣ್ಣ. ನರಸಿಂಹರಾಜಪುರದ ಸುತ್ತಮುತ್ತ ಕೇರಳದಿಂದ ಬಂದು ನೆಲೆನಿಂತ ಕುಟುಂಬಗಳು ಬಹಳ. ಚೇಟನ ತಂದೆ ಕೋಟ್ಟಯಂ ಕಡೆಯಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಚೇಟ ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡ ಶಾಲೆಯಲ್ಲೇ. ಫುಟ್‌ಬಾಲ್ ವಿಷಯ ಬಂದಾಗ ಮಾತ್ರ ಅವರು ಪೂರ್ತಿ ಕೇರಳದವರು. ಆ ಸಂಜೆ ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿ ತೊಟ್ಟು, ಗೊನೆಯನ್ನು ಹೆಗಲ ಮೇಲೆ ಹೊತ್ತು ತಂದು ಜಗಲಿಯ ಕಂಬಕ್ಕೆ ಒರಗಿಸಿದರು. ಆಗಷ್ಟೇ ಕಡಿದ ಗೊನೆ. ದಿಂಡಿನಿಂದ ಸೊನೆ ಇನ್ನೂ ತೊಟ್ಟಿಕ್ಕುತ್ತಿತ್ತು, ಅಂಗಿಯ ಹೆಗಲಿನ ಮೇಲೆ ಅಂಗೈಯಗಲ ಒದ್ದೆ. 'ಬಾಳೆ ಸೊನೆ ಮಾರಾಯರೇ, ಒಣಗಿದರೆ ಕಪ್ಪಾಗುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ' ಎಂದು ಅಕ್ಕ ಮರುಗಿದಳು. ಚೇಟ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರ ಕಣ್ಣು ಆಗಲೇ ಟೀವಿಯ ಮೇಲಿತ್ತು.

ಐಎಸ್‌ಎಲ್ ಎಂಬ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಆ ಸಲ ಪದ್ಧತಿ ಬದಲಾಗಿತ್ತು. ಲೀಗ್‌ನ ಮೊದಲೆರಡು ಸ್ಥಾನದವರಿಗೆ ನೇರ ಸೆಮಿಫೈನಲ್. ಮೂರರಿಂದ ಆರನೆಯ ಸ್ಥಾನದವರು ಒಂದೇ ನಾಕೌಟ್ ಪಂದ್ಯದಲ್ಲಿ ಗೆದ್ದು ಬರಬೇಕು. 34 ಅಂಕದ ಬೆಂಗಳೂರು ನಾಲ್ಕನೆಯದು, 31 ಅಂಕದ ಕೇರಳ ಐದನೆಯದು. ಪಂದ್ಯ ಕಂಠೀರವ ಕ್ರೀಡಾಂಗಣದಲ್ಲಿ. ಈ ಎರಡು ತಂಡಗಳ ಅಭಿಮಾನಿಗಳ ಜಿದ್ದು ಮೊದಲೇ ಸಣ್ಣದಲ್ಲ. ಕೇರಳದ ನಾಯಕನಾಗಿದ್ದ ಸಂದೇಶ್ ಝಿಂಗನ್ ಆ ವರ್ಷ ಬೆಂಗಳೂರಿನ ರಕ್ಷಣೆಯಲ್ಲಿ ನಿಂತಿದ್ದ. ಅವನ ಹೆಸರು ಎತ್ತಿದರೆ ಚೇಟ ಮುಖ ತಿರುಗಿಸುತ್ತಿದ್ದರು.

ಬೆಂಗಳೂರಿನ ಅಭಿಮಾನಿಯಾದ ಅಳಿಯ ತನ್ನ ಚೀಟಿಯಲ್ಲಿರುವುದನ್ನು ಮುಚ್ಚಿಡಲೇ ಇಲ್ಲ. 'ಮೂರು–ಸೊನ್ನೆ, ಮಾವ. ಸತತ ಎಂಟು ಪಂದ್ಯ ಗೆದ್ದು ಬಂದಿದ್ದೇವೆ. ಹದಿನೆಂಟು ಪಂದ್ಯ ಸೋಲದೆ ಬಂದ ಮುಂಬೈಯನ್ನೇ ಕೆಡವಿದ್ದೇವೆ.' ಹೇಳಿದ್ದೆಲ್ಲ ನಿಜ. ಡಿಸೆಂಬರ್‌ನಲ್ಲಿ ಮುಖ ಎತ್ತಲಾರದೆ ಇದ್ದ ತಂಡ ಫೆಬ್ರವರಿ 15ರಂದು ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿತ್ತು. ಆದರೆ ಎಂಟು ಗೆಲುವನ್ನು ಕಂಡವರು ಒಂಬತ್ತನೆಯದು ಹತ್ತಿರ ಬಂತು ಎಂದುಕೊಳ್ಳುತ್ತಾರೆ. ಹಿಂದಿನ ಎಂಟರಲ್ಲಿ ಎಷ್ಟು ಒಂದೇ ಗೋಲಿನ ಅಂತರದ್ದು ಎಂದು ಕೇಳುವುದಿಲ್ಲ. ಇದೇ ಕೇರಳವನ್ನು ಇದೇ ಕಂಠೀರವದಲ್ಲಿ ಫೆಬ್ರವರಿ 11ರಂದು ಸೋಲಿಸಿದ್ದು 1–0ಯಿಂದ, ರಾಯ್ ಕೃಷ್ಣನ ಒಂದೇ ಗೋಲಿನಿಂದ. ಡಿಸೆಂಬರ್‌ನಲ್ಲಿ ಕೊಚ್ಚಿಗೆ ಹೋದಾಗ 3–2ರಿಂದ ಸೋತೂ ಬಂದಿದ್ದರು.

ನಾನು ಶಿವಮೊಗ್ಗದಲ್ಲಿ ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಈ ಚೀಟಿಯ ಆಟಕ್ಕೆ ನನ್ನ ಪಾಠದಲ್ಲೇ ಒಂದು ಸೂತ್ರವಿದೆ: ಫ್ರಾನ್ಸಿನ ಗಣಿತಜ್ಞ ಪ್ವಾಸೋನ್‌ನದು. ಅಪರೂಪಕ್ಕೆ ನಡೆಯುವ, ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳನ್ನು ಎಣಿಸಲು ಅದು ಬೇಕು. 1898ರಲ್ಲಿ ಬೋರ್ಟ್‌ಕೀವಿಚ್ ಎಂಬಾತ ಪ್ರಷ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕಕ್ಕೆ ಅದನ್ನು ಹೊಂದಿಸಿ ತೋರಿಸಿದ. ಫುಟ್‌ಬಾಲಿನ ಗೋಲುಗಳಿಗೂ ಅದು ಸುಮಾರಾಗಿ ಹೊಂದುತ್ತದೆ. ತೊಂಬತ್ತು ನಿಮಿಷ ಇಪ್ಪತ್ತೆರಡು ಜನ ಓಡಿದರೂ ಗೋಲು ಬೀಳುವುದು ಎರಡೋ ಮೂರೋ ತಾನೆ.

ತಂಡಗಳ ಬಲಾಬಲ, ತವರಿನ ಅನುಕೂಲ ಎಲ್ಲ ನೋಡಿ ಬೆಂಗಳೂರಿಗೆ ಸರಾಸರಿ 1.4 ಗೋಲು, ಕೇರಳಕ್ಕೆ 1.1 ಎಂದು ಇಟ್ಟುಕೊಂಡೆ. ಚೀಟಿಯ ಹಿಂಬದಿಯಲ್ಲೇ ಲೆಕ್ಕ ಮಾಡಿದೆ. ತೊಂಬತ್ತು ನಿಮಿಷದಲ್ಲಿ ಬೆಂಗಳೂರು ಗೆಲ್ಲುವ ಸಾಧ್ಯತೆ ನೂರಕ್ಕೆ 44, ಸಮ 27, ಕೇರಳ 29. ಬೆಂಗಳೂರೇ ಮುಂದೆ, ಆದರೆ ಗೆಲ್ಲದಿರುವ ಸಾಧ್ಯತೆ ಗೆಲ್ಲುವುದಕ್ಕಿಂತ ಹೆಚ್ಚು! ಇನ್ನು ಇಂಥದ್ದೇ ಸ್ಕೋರ್ ಎಂದರೆ ಪಾಡು ಇನ್ನೂ ಕಷ್ಟ. ಎಲ್ಲಕ್ಕಿಂತ ಸಂಭವ ಹೆಚ್ಚಿರುವುದು 1–1, ಅದೂ ನೂರಕ್ಕೆ ಹದಿಮೂರರಷ್ಟೂ ಇಲ್ಲ. 1–0ಗೆ ಹನ್ನೊಂದೂವರೆ, 0–0ಗೆ ಎಂಟು. ಅಳಿಯನ 3–0ಗೆ ನಾಲ್ಕೂ ಬರಲಿಲ್ಲ. ನಾನು 1–1 ಎಂದು ಬರೆದು ಬಾಟಲಿಗೆ ಹಾಕಿದೆ. ಎಂಟು ಸಲ ಹೀಗೆ ಬರೆದರೆ ಏಳು ಸಲ ತಪ್ಪುತ್ತದೆಂದು ಗೊತ್ತಿದ್ದೇ ಹಾಕಿದ ಚೀಟಿ ಅದು.

ಇದನ್ನೆಲ್ಲ ವಿವರಿಸುವಾಗ ಗಮನವಿಟ್ಟು ಕೇಳಿದವರು ಸಾಹೇಬರು ಒಬ್ಬರೇ. ಭಾವನ ಅಡಿಕೆ ತೋಟವನ್ನು ಚೇಣಿ ಹಿಡಿಯುವವರು. ಕೊಯ್ಲು ಮುಗಿದಿದ್ದರಿಂದ ಅಂದು ಲೆಕ್ಕ ಚುಕ್ತಾ ಮಾಡಲು ಬಂದಿದ್ದರು. ಅಡಿಕೆ ಮರದ ಮೇಲಿರುವಾಗಲೇ ಇಡೀ ತೋಟದ ಫಸಲಿಗೆ ಬೆಲೆ ಕಟ್ಟುವ ಕಸುಬು ಅವರದು. ಮಳೆಗಾಲದಲ್ಲಿ ಕೊಡೆ ಹಿಡಿದು ಸಾಲಿನ ನಡುವೆ ಒಮ್ಮೆ ನಡೆಯುತ್ತಾರೆ. ಕತ್ತೆತ್ತಿ ಕೊನೆಗಳನ್ನು ನೋಡುತ್ತಾರೆ, ಬುಡದಲ್ಲಿ ಉದುರಿದ ಎಳೆಕಾಯಿಯನ್ನು ಕಾಲಿನಿಂದ ಸರಿಸಿ ನೋಡುತ್ತಾರೆ, ಇಷ್ಟು ಕ್ವಿಂಟಲ್ ಎನ್ನುತ್ತಾರೆ. 'ಬಾಯಲ್ಲಿ ಹತ್ತು ಎಂದು ಹೇಳುತ್ತೇನೆ ಮೇಷ್ಟ್ರೇ, ಮನಸ್ಸಿನಲ್ಲಿ ಎಂಟರಿಂದ ಹನ್ನೆರಡರವರೆಗೆ ಇರುತ್ತದೆ. ಕೊಳೆರೋಗ ಬಂದರೆ ಆರು. ದುಡ್ಡು ಎಣಿಸುವುದು ಆ ಆರನ್ನೂ ನೆನಪಿಟ್ಟುಕೊಂಡು' ಎಂದರು. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಕಂಡಿಲ್ಲ. ಅವರು ಚೀಟಿಯಲ್ಲಿ ಏನು ಬರೆದರೋ ತೋರಿಸಲಿಲ್ಲ. ಚೇಟ ಅಂತೂ ಗೋಡೆಯ ಕಡೆ ತಿರುಗಿ, ಅಂಗೈ ಮರೆ ಮಾಡಿ ಬರೆದರು.

ಮೊದಲ ತೊಂಬತ್ತು ನಿಮಿಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನಾಕೌಟ್ ಪಂದ್ಯಗಳು ಹೆಚ್ಚಾಗಿ ಹೀಗೆಯೇ: ಇಬ್ಬರಿಗೂ ಗೆಲ್ಲುವ ಆಸೆಗಿಂತ ಸೋಲುವ ಹೆದರಿಕೆ ದೊಡ್ಡದು. ಮಧ್ಯದಲ್ಲಿ ಕರೆಂಟು ಹೋಗಿ ಇನ್ವರ್ಟರ್‌ಗೆ ಬಂತು. ಫ್ಯಾನೋ ಟೀವಿಯೋ ಎಂಬ ಪ್ರಶ್ನೆಗೆ ಟೀವಿ ಗೆದ್ದಿತು. ಅಕ್ಕ ಹುರಿದ ಹಲಸಿನ ಹಪ್ಪಳ ಖಾಲಿಯಾಯಿತು. ದ್ವಿತೀಯಾರ್ಧದಲ್ಲಿ ಸುನಿಲ್ ಛೆಟ್ರಿ ಬದಲಿ ಆಟಗಾರನಾಗಿ ಇಳಿದಾಗ ಅಳಿಯ ಎದ್ದು ನಿಂತ, ಆಮೇಲೆ ಕೂರಲೇ ಇಲ್ಲ. ತೊಂಬತ್ತು ನಿಮಿಷ ಮುಗಿದಾಗ 0–0. ಸಾಹೇಬರು ಮೆಲ್ಲಗೆ ಕೆಮ್ಮಿದರು.

ಹೆಚ್ಚುವರಿ ಸಮಯದ ಆರೇಳು ನಿಮಿಷ ಕಳೆದಿರಬೇಕು. ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಛೆಟ್ರಿ ಚೆಂಡಿನ ಪಕ್ಕ ನಿಂತಿದ್ದ. ಕೇರಳದವರು ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಂತು ಗೋಡೆ ಕಟ್ಟುವ ಗಡಿಬಿಡಿಯಲ್ಲಿ ಇನ್ನೂ ಇದ್ದರು. ಅವರ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಗೋಲಿನ ನಡುವೆ ಇರಲಿಲ್ಲ, ಗೋಡೆಯನ್ನು ನಿಲ್ಲಿಸುವ ಕೆಲಸದಲ್ಲಿದ್ದ. ಛೆಟ್ರಿ ಓಡಿಬರಲಿಲ್ಲ. ನಿಂತಲ್ಲಿಂದಲೇ ಕಾಲಿನ ಒಳಬದಿಯಲ್ಲಿ ಚೆಂಡನ್ನು ಮೆತ್ತಗೆ ಎತ್ತಿದ. ಅದು ತೂಗಾಡುತ್ತ ಹೋಗಿ ಬಲೆಯಲ್ಲಿ ಬಿತ್ತು. ಒಂದು ಕ್ಷಣ ನಮ್ಮ ಜಗಲಿಯಲ್ಲಿ ಯಾರಿಗೂ ಅದು ಗೋಲು ಎನಿಸಲಿಲ್ಲ. ಅಭ್ಯಾಸಕ್ಕೆ ಒದ್ದಿರಬೇಕು ಎಂದುಕೊಂಡೆವು. ರೆಫರಿ ಕೈ ತೋರಿಸಿದ: ಗೋಲು.

ಚೇಟ ಕಿರುಚಿದ್ದು ಮಲಯಾಳದಲ್ಲಿ. ಅರ್ಥವಾಗದಿದ್ದರೂ ಅಕ್ಕ ಒಳಗೆ ಹೋದಳು. 'ಸೀಟಿ ಎಲ್ಲಿ? ಸೀಟಿಯೇ ಊದಲಿಲ್ಲ!' ನಿಯಮ ಹೇಳುವುದು ಬೇರೆ. ಫ್ರೀ ಕಿಕ್‌ಗೆ ಪ್ರತಿಸಲ ಸೀಟಿ ಬೇಕಿಲ್ಲ. ಗೋಡೆಯನ್ನು 9.15 ಮೀಟರ್ ಹಿಂದೆ ಸರಿಸಿ ಎಂದು ಒದೆಯುವವನು ಕೇಳಿದರೆ, ಅಥವಾ ರೆಫರಿಯೇ ಆಟ ತಡೆದು ಹಿಡಿದರೆ, ಆಗ ಸೀಟಿಗೆ ಕಾಯಬೇಕು. ತನಗೆ ಸೀಟಿಯೂ ಬೇಡ ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದೆ ಎಂದು ಛೆಟ್ರಿ ಪಂದ್ಯದ ನಂತರ ಹೇಳಿದ. ಇದನ್ನೆಲ್ಲ ಆ ಹೊತ್ತಿನಲ್ಲಿ ಚೇಟನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಟೀವಿಯಲ್ಲಿ ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಗೆರೆಯ ಬಳಿ ಬಂದು ತನ್ನ ಹುಡುಗರನ್ನು ಹೊರಗೆ ಕರೆಯುತ್ತಿದ್ದ. ಒಬ್ಬೊಬ್ಬರಾಗಿ ಹಳದಿ ಅಂಗಿಗಳು ಮೈದಾನದಿಂದ ಇಳಿದವು. ಬೆಂಗಳೂರಿನವರು ತಮ್ಮ ಅರ್ಧದಲ್ಲಿ ಸುಮ್ಮನೆ ಕಾಯುತ್ತಿದ್ದರು. ಮತ್ತೆ ಬರುತ್ತಾರೆ ಎಂದು ಭಾವ, ಬರುವುದಿಲ್ಲ ಎಂದು ಅಳಿಯ. ಇಪ್ಪತ್ತು ನಿಮಿಷದಷ್ಟು ಕಾದ ಮೇಲೆ ಪಂದ್ಯ ಮುಗಿಯಿತೆಂದು ಘೋಷಣೆಯಾಯಿತು. ಬೆಂಗಳೂರು ಸೆಮಿಫೈನಲ್‌ಗೆ.

ತಂಡ ಎದ್ದುಹೋಗುವ ಸಾಧ್ಯತೆಗೆ ನನ್ನ ಸೂತ್ರದಲ್ಲಿ ಜಾಗವಿಲ್ಲ. ಯಾರ ಸೂತ್ರದಲ್ಲೂ ಇಲ್ಲ. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬ ಇಬ್ಬರು ಪ್ವಾಸೋನ್ ಲೆಕ್ಕವನ್ನು ಫುಟ್‌ಬಾಲಿಗಾಗಿಯೇ ತಿದ್ದಿದರು: 0–0, 1–1ರಂಥ ಸಣ್ಣ ಸ್ಕೋರ್‌ಗಳು ಸೂತ್ರ ಹೇಳುವುದಕ್ಕಿಂತ ಹೆಚ್ಚು ಬರುತ್ತವೆ ಎಂದು. ಅವರೂ ಹನ್ನೊಂದು ಜನ ಆಟ ಮುಗಿಯುವವರೆಗೆ ಮೈದಾನದಲ್ಲೇ ಇರುತ್ತಾರೆ ಎಂದೇ ನಂಬಿದ್ದವರು.

ಬಾಟಲಿಯ ಮುಚ್ಚಳ ತೆಗೆದು ಅಳಿಯ ಚೀಟಿಗಳನ್ನು ಓದಿದ. ತನ್ನದು 3–0. ನನ್ನದು 1–1. ಭಾವನದು 2–1, ಯಾವ ಪಂದ್ಯಕ್ಕೂ ಅವರು ಬರೆಯುವುದು ಅದನ್ನೇ. ಸಾಹೇಬರದು 0–0. ಕೊನೆಯ ಚೀಟಿ ಬಿಡಿಸಿದ ಹುಡುಗ ಅದನ್ನು ಎರಡು ಸಲ ನೋಡಿ ನನ್ನ ಕೈಗೆ ಕೊಟ್ಟ. ದುಂಡನೆಯ ಕನ್ನಡ ಅಕ್ಷರದಲ್ಲಿ 'ಬೆಂಗಳೂರು 1, ಕೇರಳ 0' ಎಂದಿತ್ತು. ಕೆಳಗೆ ಚೇಟನ ಸಹಿ.

ಜಗಲಿಯಲ್ಲಿ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಚೇಟ ನಗಲಿಲ್ಲ. 'ಕೊನೆಯ ಮೂರು ಪಂದ್ಯ ಸೋತು ಬಂದ ತಂಡ. ಹೊರಗೆ ಹೋದರೆ ಗೋಲು ಹೊಡೆಯುವುದಿಲ್ಲ. ಮತ್ತೆ ಏನು ಬರೆಯಬೇಕಿತ್ತು? ಅಂಗಿ ಹಾಕುವುದು ಬೇರೆ, ಅಂದಾಜು ಬೇರೆ' ಎಂದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆಗ. ಗೆಲ್ಲಲಿ ಎಂದು ಹಾರೈಸುವ ಬಾಯಿಗೂ ಗೆಲ್ಲುವುದಿಲ್ಲ ಎಂದು ಬರೆಯುವ ಕೈಗೂ ಅಷ್ಟು ದೂರ ಇಟ್ಟುಕೊಳ್ಳುವುದು ಸುಲಭವಲ್ಲ. ನೀಲಿ ಅಂಗಿಯ ನಮ್ಮ ಹುಡುಗನಿಗೆ ಅದು ಸಾಧ್ಯವಿಲ್ಲ. ಫುಟ್‌ಬಾಲ್ ಬಿಡಿ, ಚುನಾವಣೆಯ ಹೊತ್ತಿನಲ್ಲಿ ನಮ್ಮ ಸ್ಟಾಫ್ ರೂಮಿನ ಅರ್ಧ ಜನರಿಗೂ ಸಾಧ್ಯವಿಲ್ಲ.

'ಹಾಗಾದರೆ ಗೊನೆ ನಿಮ್ಮದೇ' ಎಂದರು ಭಾವ.

'ಹೇಗೆ ನನ್ನದು? ಅದು ಗೋಲೇ ಅಲ್ಲ. ಸ್ಕೋರ್ 0–0. ಗೊನೆ ಸಾಹೇಬರದು.'

ಸಾಹೇಬರು ಒಪ್ಪಲಿಲ್ಲ. 'ಚೇಣಿ ಬರೆದ ಮೇಲೆ ಗಾಳಿಗೆ ಮರ ಮುರಿದರೂ ಕೊಳೆ ಬಂದರೂ ಕಾಗದದಲ್ಲಿ ಇದ್ದದ್ದೇ ಮಾತು. ರೆಫರಿ ಕಾಗದದಲ್ಲಿ ಏನು ಬರೆದ? ಒಂದು–ಸೊನ್ನೆ. ಗೊನೆ ಚೇಟನದು.'

ಇಬ್ಬರೂ ನನ್ನ ಕಡೆ ನೋಡಿದರು. ಸ್ಕೋರ್ ಹೇಳುವವರ ಸಾಮಾನ್ಯ ರೂಢಿಯಲ್ಲಿ ಲೆಕ್ಕಕ್ಕೆ ಬರುವುದು ತೊಂಬತ್ತು ನಿಮಿಷ ಮತ್ತು ಗಾಯದ ಸಮಯ ಮಾತ್ರ. ಹೆಚ್ಚುವರಿ ಸಮಯದ ಗೋಲು ಅದರಲ್ಲಿ ಸೇರುವುದಿಲ್ಲ. ಆ ಲೆಕ್ಕದಲ್ಲಿ ಸೀಟಿ ಊದಿದರೂ ಊದದಿದ್ದರೂ ಸಾಹೇಬರೇ ಗೆದ್ದವರು. ಆದರೆ ಅಳಿಯನ ಕಾನೂನಿನಲ್ಲಿ 'ಪಂದ್ಯದ ಸ್ಕೋರ್' ಎಂದಷ್ಟೇ ಇತ್ತು. ಏನನ್ನು ಎಣಿಸುತ್ತೇವೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದೆ ಭವಿಷ್ಯ ಹೇಳಿದರೆ ಎಲ್ಲರೂ ಗೆಲ್ಲಬಹುದು, ಎಲ್ಲರೂ ಸೋಲಲೂಬಹುದು. ನಮ್ಮಲ್ಲಂತೂ ಗೆದ್ದ ಇಬ್ಬರೂ ಸೋತವರ ಹಟ ಹಿಡಿದಿದ್ದರು. ನಾನು ನಿಯಮ ಹೇಳಿದೆ, ಇಬ್ಬರೂ ಒಪ್ಪಲಿಲ್ಲ. ಸಾಹೇಬರು ಲೆಕ್ಕದ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು, ಚೇಟ ಕೊನೆಯ ಮಾತು ಆಡಲೂ ನಿಲ್ಲದೆ ಬೇಲಿ ದಾಟಿದರು. ಗೊನೆ ಕಂಬಕ್ಕೆ ಒರಗಿಯೇ ಉಳಿಯಿತು. ಮರುದಿನ ಅಕ್ಕ ತೀರ್ಪಿಗೆ ಕಾಯದೆ ಎರಡು ಚಿಪ್ಪು ಕೊಯ್ದು ಚಿಪ್ಸ್ ಕರಿದು, ಅರ್ಧ ಚೇಟನ ಮನೆಗೆ, ಅರ್ಧ ಸಾಹೇಬರ ಮನೆಗೆ ಕಳಿಸಿದಳು.

ಪಂದ್ಯವನ್ನು ಮತ್ತೆ ಆಡಿಸಬೇಕೆಂದು ಕೇರಳ ಕೊಟ್ಟ ದೂರು ಕೆಲವೇ ದಿನಗಳಲ್ಲಿ ತಿರಸ್ಕಾರವಾಯಿತು. ಬೆಂಗಳೂರು ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ದಾಟಿ, ಫೈನಲ್‌ನಲ್ಲಿ 2–2ರ ನಂತರ ಅದೇ ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಸೋತಿತು. ಆ ಚೀಟಿಗಳ ಕಥೆ ಬೇಡ, ಯಾರದ್ದೂ ಸರಿ ಬರಲಿಲ್ಲ. ಮಾರ್ಚ್ ಕೊನೆಗೆ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳ ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಕ್ಲಬ್ಬು ಮೇಲ್ಮನವಿ ಹಾಕಿತು.

ಅದರ ಸುದ್ದಿ ಬಂದಾಗ ನಾನು ಮತ್ತೆ ಅಕ್ಕನ ಮನೆಯಲ್ಲಿದ್ದೆ. ಅಳಿಯ ಬಾಟಲಿ ಇಳಿಸಿದ. ಸ್ಕೋರ್ ಅಲ್ಲ, ಈ ಸಲ ಎರಡೇ ಉತ್ತರ: ಮೇಲ್ಮನವಿ ಅಂಗೀಕಾರ ಅಥವಾ ವಜಾ. ಬಹುಮಾನ ಭಾವನ ತೋಟದ ಬಕ್ಕೆ ಹಲಸು. ಚೇಟ ಮಳೆಗಾಲಕ್ಕೆ ಮುಂಚೆ ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ ಕಟ್ಟಿಸುವ ಗಡಿಬಿಡಿಯಲ್ಲಿದ್ದರು. ಬೆರಳಿಗೆಲ್ಲ ಅಂಟು ಮೆತ್ತಿಕೊಂಡೇ ಬೇಲಿಯ ಆಚೆಯಿಂದ ಪೆನ್ನು ಕೇಳಿ ಬರೆದುಕೊಟ್ಟರು.

ಜೂನ್‌ನಲ್ಲಿ ಮೇಲ್ಮನವಿ ವಜಾ ಆಯಿತು. ಚೇಟನ ಚೀಟಿಯಲ್ಲಿಯೂ 'ವಜಾ' ಎಂದೇ ಇತ್ತು. ಈ ಸಲವಾದರೂ ಬೇಡ ಎನ್ನುತ್ತಾರೋ ಎಂದು ನೋಡಿದರೆ, ಗೋಣಿಚೀಲ ಹಿಡಿದೇ ಬಂದಿದ್ದರು.

'ಅವತ್ತು ಗೊನೆ ಬೇಡ ಎಂದಿರಿ, ಇವತ್ತು ಹಲಸು ಹೇಗೆ ಬೇಕಾಯಿತು?' ಎಂದು ಅಳಿಯ ಕೆಣಕಿದ.

'ವಜಾ ಆದದ್ದು ನಿಜ, ತೆಗೆದುಕೊಳ್ಳುತ್ತೇನೆ' ಎಂದರು ಚೇಟ, ಹಲಸನ್ನು ಚೀಲದೊಳಗೆ ಉರುಳಿಸುತ್ತ. 'ಅವತ್ತಿನದು ಈಗಲೂ ಗೋಲಲ್ಲ.'