ಜೋಗದಲ್ಲಿ ಉಳಿದು ಬಸ್ಸಲ್ಲೇ ಓಡಾಡುವವರಿಗೆ

ಜೋಗದಲ್ಲಿ ರೂಮು ಮಾಡಿದರೂ ಓಡಾಟಕ್ಕೆಲ್ಲ ಸಾಗರವೇ ಜಂಕ್ಷನ್, ಸುಮಾರು 30 ಕಿ.ಮೀ. ರೈಲು ತಾಳಗುಪ್ಪಕ್ಕೇ ಮುಗಿಯುತ್ತದೆ. ಮುಂದೆ ಬಸ್ಸು, ಇಲ್ಲವೇ ಆಟೊ. ಹಳೆಯ ದೇವಸ್ಥಾನಗಳಿರುವ ಇಕ್ಕೇರಿ, ಕೆಳದಿ ಎರಡೂ ಸಾಗರಕ್ಕೆ ಹತ್ತಿರ. ಎರಡನ್ನೂ ಒಂದೇ ದಿನ ನೋಡುವುದಾದರೆ ಬಸ್ಸು ಕಾಯುವುದಕ್ಕಿಂತ ಅಲ್ಲಿಂದ ಆಟೊ ಮಾತಾಡಿಕೊಳ್ಳುವುದೇ ಲೇಸು. ಸಿಗಂದೂರು ದೇವಸ್ಥಾನಕ್ಕೆ ಹೋಗಲು ಶರಾವತಿ ಹಿನ್ನೀರಿನ ದಡದಲ್ಲಿ ಲಾಂಚ್ ಕಾಯುವ ಕಾಲ ಹೋಯಿತು, 2025ರ ಜುಲೈಯಲ್ಲಿ ಸೇತುವೆ ತೆರೆದಿದೆ.

ಶಿವಮೊಗ್ಗ–ಸಾಗರ ದಾರಿಯಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ. ಅವುಗಳಲ್ಲಿ ಶಕ್ತಿ ಯೋಜನೆ ನಡೆಯದು. ಹೆಂಗಸರಿಗೆ ಉಚಿತ ಟಿಕೆಟ್ ಬೇಕಾದರೆ ಸಾಮಾನ್ಯ ಸರ್ಕಾರಿ ಬಸ್ಸನ್ನೇ ಹತ್ತಬೇಕು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು.

ಎಡವಟ್ಟಾಗುವುದು ಸಂಜೆಗೇ. ಕತ್ತಲಾದ ಮೇಲೆ ಜೋಗದ ಕಡೆ ಬಸ್ಸು ವಿರಳ. ಬೆಳಿಗ್ಗೆ ಇಳಿಯುವಾಗಲೇ ವಾಪಸ್ಸಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಕಂಡಕ್ಟರನ್ನೇ ಕೇಳಿ. ಮಳೆಗಾಲದಲ್ಲಂತೂ ಅದಕ್ಕೂ ಒಂದು ಬಸ್ಸು ಮುಂಚೆಯೇ ಹೊರಡಿ.